ಎಡಗೈಯ ಗೀರು

ಹಳೆಯ ರಿವಾಲ್ವರಿಗೆ ಬೆಲೆ ಕಟ್ಟುವ ಮೊದಲು ಅದರ ಹೊಟ್ಟೆ ಖಾಲಿಯಿದೆಯೇ ಎಂದು ನೋಡಬೇಕು. ತಂದವರು ಆಣೆಯಿಟ್ಟು ಹೇಳಿದರೂ ಸರಿ, ಸ್ವತಃ ಸಿಲಿಂಡರ್ ಬಿಚ್ಚಿ ಗುಂಡು ಕೂರುವ ಒಂದೊಂದು ಗೂಡಿನಲ್ಲೂ ಬೆಳಕು ಕಾಣುವವರೆಗೆ ನಂಬಬಾರದು. ಅಪ್ಪ ನನಗೆ ಕಲಿಸಿದ ಮೊದಲ ಪಾಠ ಇದು. ಹೇಳಿದ್ದನ್ನು ನಂಬದಿರುವುದೇ ನನ್ನ ಕಸುಬು. ಅದು ಕಸುಬಿನಿಂದ ಇಳಿದು ಸ್ವಭಾವಕ್ಕೂ ಅಂಟಿಕೊಂಡಿದೆ ಎಂದು ಅಣ್ಣ ಕಂಡಕಂಡವರ ಹತ್ತಿರ ದೂರುತ್ತಾನೆ. ದೂರಿಕೊಳ್ಳಲಿ, ಅದರಿಂದ ನನ್ನ ಕೂದಲೂ ಕೊಂಕುವುದಿಲ್ಲ.

ಆ ಬೆಳಿಗ್ಗೆ ನನ್ನ ಮೇಜಿಗೆ ಬರಬೇಕಿದ್ದ ರಿವಾಲ್ವರ್ ಮಾತ್ರ ಹೊರಗಿನವರದ್ದಲ್ಲ, ನಮ್ಮದೇ. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿರುವ ಫೋಟೋ ನಮ್ಮ ಅಂಗಡಿಯ ಗೋಡೆಯ ಮೇಲೆ ಇವತ್ತಿಗೂ ಇದೆ. ಯಾರದೋ ಬಾವಿಯ ಹೂಳು ತೆಗೆಯುವಾಗ ಸಿಕ್ಕಿದ್ದಂತೆ. ನಮ್ಮಲ್ಲಿಗೆ ಬಂದಾಗ ಅದು ಕೆಸರು ಮೆತ್ತಿದ ಕಬ್ಬಿಣದ ಮುದ್ದೆ. ಹೆಬ್ಬೆರಳಿನಿಂದ ಹಿಂದಕ್ಕೆಳೆದರೆ ಮುಂದಕ್ಕೆ ಹಾರಿ ಗುಂಡಿನ ಬೆನ್ನಿಗೆ ಬಡಿಯುವ ತುಂಡಿಗೆ ಹ್ಯಾಮರ್ ಎನ್ನುತ್ತಾರೆ. ಅದು ತುಕ್ಕು ತಿಂದು ಉದುರಿಹೋಗಿತ್ತು. ಒಳಗಿನ ಯಂತ್ರವನ್ನು ಮುಚ್ಚುವ ಪಕ್ಕದ ಮುಚ್ಚಳ ಇರಲೇ ಇಲ್ಲ. ಎರಡನ್ನೂ ನಮ್ಮ ಅಂಗಡಿಯಲ್ಲೇ ಹೊಸದಾಗಿ ಮಾಡಿ ಕೂರಿಸಿದರು. ಆ ಮುದ್ದೆ ಮತ್ತೆ ಟಕ್ ಟಕ್ ಎಂದು ತಿರುಗಿದಾಗ ಊರೆಲ್ಲ ಸುದ್ದಿಯಾಯಿತು. ಪತ್ರಿಕೆಯವರು ಬಂದು ಫೋಟೋ ತೆಗೆದರು. ಅಪ್ಪನಿಗೆ ‘ಮೇಸ್ತ್ರಿ’ ಎಂಬ ಹೆಸರು ಬಂದದ್ದು ಅಲ್ಲಿಂದ. ಬಾವಿಯ ಒಡೆಯ ಖುಷಿಯಾಗಿ ರಿವಾಲ್ವರನ್ನು ಅಪ್ಪನಿಗೇ ಬಿಟ್ಟುಕೊಟ್ಟ. ಅಪ್ಪ ತೀರಿಕೊಂಡ ಮೇಲೂ ಅದು ನಮ್ಮಲ್ಲೇ ಉಳಿಯಿತು.

ಈಗ ಮ್ಯೂಸಿಯಂನವರು ಕೈಕಸುಬಿನವರಿಗಾಗಿ ಒಂದು ಹೊಸ ಕೋಣೆ ಮಾಡುತ್ತಿದ್ದರು. ಅದರಲ್ಲಿ ಈ ರಿವಾಲ್ವರಿಗೆ ಒಂದು ಗಾಜಿನ ಪೆಟ್ಟಿಗೆ, ಪೆಟ್ಟಿಗೆಯ ಕೆಳಗೆ ಒಂದು ಕಾರ್ಡು. ವಿಮೆ ಮಾಡಿಸಲು ವಯಸ್ಸು, ಸ್ಥಿತಿ, ಬೆಲೆ ಹೇಳುವ ವರದಿ ಬೇಕು. ಈ ಸುತ್ತಮುತ್ತ ಹಳೆಯ ಬಂದೂಕಿಗೆ ಬೆಲೆ ಕಟ್ಟುವ ಪರವಾನಗಿ ಇರುವುದು ನನಗೊಬ್ಬಳಿಗೇ. ಮನೆಯ ವಸ್ತುವಿಗೆ ಮನೆಯವಳೇ ಬೆಲೆ ಕಟ್ಟುವುದು ಸರಿಯೇ ಎಂದು ಕೇಳಿದ್ದೆ. “ನಿಮ್ಮಷ್ಟು ಖಡಕ್ಕಾಗಿ ಬರೆಯೋರು ಬೇರೆ ಯಾರೂ ಇಲ್ಲ ಅಂತಾರಲ್ಲ ಮೇಡಂ, ನಮಗೆ ಅಷ್ಟು ಸಾಕು,” ಎಂದಿದ್ದರು ಮ್ಯೂಸಿಯಂನ ಅಧಿಕಾರಿ.

ಕಾರ್ಡಿನ ಕರಡನ್ನು ಅವರು ಮೊದಲೇ ಕಳಿಸಿದ್ದರು. ಆ ಬೆಳಿಗ್ಗೆ ಅಣ್ಣ ಅದನ್ನು ಅಂಗಡಿಯಲ್ಲಿ ಅಮ್ಮನ ಮುಂದೆ ನಿಂತು ಗಟ್ಟಿಯಾಗಿ ಓದಿದ: “ಮೇಸ್ತ್ರಿಯವರು ಕೈಯಾರೆ ತಯಾರಿಸಿದ ಬಿಡಿಭಾಗಗಳಿಂದ ಮರುಜೀವ ಪಡೆದ ರಿವಾಲ್ವರ್.” ಓದಿ ಕಣ್ಣೊರೆಸಿಕೊಂಡ. ಅಣ್ಣನಿಗೆ ಅಪ್ಪ ಎಂದರೆ ಪ್ರಾಣ.

ಅಮ್ಮ ರೇಡಿಯೋದ ಕಿವಿ ಹಿಂಡಿ ಅದರ ಬಾಯಿ ಮುಚ್ಚಿಸಿದಳು. “ಯಾರ ಕೈಯಾರೆ?” ಎಂದಳು.

“ಅಪ್ಪನ ಕೈಯಾರೆ.”

“ಹಾಗಾದ್ರೆ ಆಗ ನನ್ ಕೈ ಏನು ಕತ್ತೆ ಕಾಯ್ತಿತ್ತಾ?”

ಇಲ್ಲಿ ನಮ್ಮ ಅಂಗಡಿಯ ಪದ್ಧತಿಯೊಂದನ್ನು ಹೇಳಬೇಕು. ಬಾಗಿಲು ದಾಟಿದರೆ ಕೌಂಟರು, ಕೌಂಟರಿನ ಹಿಂದೆ ಕೆಲಸದ ಮೇಜು, ಮೇಜಿನ ಅಂಚಿಗೆ ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸ್, ಅದರ ಮುಂದೆ ಒಂದೇ ಒಂದು ಸ್ಟೂಲು. ಅದರಾಚೆ ಪರದೆ, ಪರದೆಯ ಹಿಂದೆ ನಮ್ಮ ಮನೆ. ಸ್ಟೂಲಿನ ಮೇಲೆ ಕೂತು ಅರ ಹಿಡಿದು ಕಬ್ಬಿಣ ಉಜ್ಜುತ್ತಿದ್ದವಳು ಅಮ್ಮ. ಬಾಗಿಲಿನ ಗಂಟೆ ಕಿಣಿಕಿಣಿ ಎಂದ ಕೂಡಲೇ ಅವಳು ಎದ್ದು ಪರದೆಯ ಹಿಂದೆ ಹೋಗುವಳು. ಅಪ್ಪ ಬಂದು ಬಿಸಿ ಆರದ ಸ್ಟೂಲಿನ ಮೇಲೆ ಕೂತು ಅರವನ್ನು ಕೈಗೆತ್ತಿಕೊಳ್ಳುವರು. ಗಿರಾಕಿ ಹೋದ ಮೇಲೆ ಮತ್ತೆ ಅದಲುಬದಲು. ನಾನೂ ಅಣ್ಣನೂ ಇದನ್ನು ಹಗಲು ರಾತ್ರಿಯಷ್ಟೇ ಸಹಜ ಎಂದುಕೊಂಡು ಬೆಳೆದೆವು. ಆಮೇಲೆ ಅಣ್ಣನನ್ನು ದೂರದ ಹಾಸ್ಟೆಲಿಗೆ ಸೇರಿಸಿದರು. ಅವನಿಗೆ ರಜೆಯಲ್ಲಿ ಕಂಡ ಅಪ್ಪ, ಫೋಟೋದಲ್ಲಿ ಕಂಡ ಅಪ್ಪ, ಎರಡೂ ಸೇರಿ ಒಂದೇ ಆಗಿಬಿಟ್ಟಿತು.

ಅಪ್ಪ ಕೆಟ್ಟವರಾಗಿರಲಿಲ್ಲ. ಅಷ್ಟನ್ನು ಹೇಳದಿದ್ದರೆ ಬೆಲೆ ಕಟ್ಟುವ ಕಸುಬಿಗೇ ನಾನು ಮೋಸ ಮಾಡಿದಂತೆ. ಅವರ ಕೈ ನಡುಗುತ್ತಿತ್ತು, ಅಷ್ಟೇ. ನೀರಿನ ಲೋಟ ಎತ್ತಿದರೂ ತುಳುಕುತ್ತಿತ್ತು. ಆದರೆ ಕಿವಿ ಅಂಥದ್ದು, ಯಾರಾದರೂ ಕೌಂಟರಿನ ಆಚೆ ಟ್ರಿಗರ್ ಒತ್ತಿದರೆ ಸಾಕು, ಒಳಗೆ ಯಾವ ಹಲ್ಲು ಸವೆದಿದೆ ಎಂದು ಅಲ್ಲಿಂದಲೇ ಹೇಳುವರು. ಹಳೆಯದನ್ನು ನೋಡುವ ಕಣ್ಣು ನನಗೆ ಅವರಿಂದ ಬಂತು. ಕೋಪ ಅಮ್ಮನಿಂದ. ಲೈಸೆನ್ಸು ಅಪ್ಪನ ಹೆಸರಿನಲ್ಲಿತ್ತು, ಕೆಲಸ ಹೆಂಗಸಿನ ಕೈಯದೆಂದು ಗೊತ್ತಾದರೆ ಯಾರೂ ಬಂದೂಕು ಕೊಡುತ್ತಿರಲಿಲ್ಲ, ಮನೆ ನಡೆಯಬೇಕಿತ್ತು. ಹಾಗಾಗಿ ಬಾಗಿಲಿನ ಗಂಟೆ ಕೇಳಿದಾಗಲೆಲ್ಲ ಅಮ್ಮ ಎದ್ದಳು. ಗೊಣಗುತ್ತಲೇ ಎದ್ದಳು, ಆದರೆ ಎದ್ದಳು.

ಅದೂ ಎಂಥ ಕೈ? ಎಡಗೈ. ಅತ್ತೆಯರು ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. “ಎಡಚಿ ಎಲ್ಲಿ?” ಎನ್ನುತ್ತಿದ್ದರು. “ಎಡಚಿ ಹಾಕಿದ ಗಂಟು ಬಿಚ್ಚೋಕೂ ಬರಲ್ಲ ಕಣೇ,” ಎಂದು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ಆ ನಗು ನನಗೆ ಆಗಲೂ ಇಷ್ಟವಾಗುತ್ತಿರಲಿಲ್ಲ.

“ಆ ಕಾರ್ಡಲ್ಲಿ ನನ್ ಹೆಸರು ಬರ್ಬೇಕು,” ಎಂದಳು ಅಮ್ಮ. “ಇಲ್ಲಾಂದ್ರೆ ಆ ರಿವಾಲ್ವರ್ ಈ ಹೊಸಿಲು ದಾಟಲ್ಲ. ನನ್ ಕಣ್ಣು ಮುಚ್ಚೋ ಮುಂಚೆ ಗಾಜಿನೊಳಗೆ ನನ್ ಕೆಲಸಾನ ನನ್ ಕೆಲಸ ಅಂತಾನೇ ನೋಡ್ಬೇಕು ನಾನು. ಅಷ್ಟೇ.”

“ನೀನು ಸಹಾಯ ಮಾಡ್ತಿದ್ದೆ ಅಂತ ಎಲ್ರಿಗೂ ಗೊತ್ತಮ್ಮ,” ಎಂದ ಅಣ್ಣ ಸಮಾಧಾನದ ದನಿಯಲ್ಲಿ.

ಅವನು ಬೇರೆ ಏನಾದರೂ ಹೇಳಬಹುದಿತ್ತು. ಅಮ್ಮನ ಮೂಗಿನ ಹೊಳ್ಳೆ ಅರಳಿತು. “ಸಹಾಯಾನಾ? ನಿಮ್ಮಪ್ಪ ನಂಗೆ ಸಹಾಯ ಮಾಡ್ತಿದ್ರು ಕಣೋ. ಅರಕ್ಕೆ ಎಣ್ಣೆ ಹಚ್ಚಿ ಕೊಡ್ತಿದ್ರು.”

“ಸರಿ, ಸಾಕ್ಷಿ ಏನಿದೆ? ಮ್ಯೂಸಿಯಂನೋರು ಬಾಯಿಮಾತು ಒಪ್ಪಲ್ಲ.”

“ಸಾಕ್ಷಿ ಅದರ ಮೈಮೇಲೇ ಇದೆ. ಹ್ಯಾಮರಿನ ಎರಡೂ ಮಗ್ಗುಲಲ್ಲಿ ನನ್ನ ಅರದ ಗೀರು ಹಾಗೇ ಬಿಟ್ಟಿದೀನಿ. ನಿನ್ ತಂಗಿ ಕಣ್ಣಿಗೆ ಭೂತಗನ್ನಡಿ ಹಾಕ್ಕೊಂಡು ನೋಡ್ಲಿ. ಗೀರೇ ಹೇಳುತ್ತೆ.”

ಅದು ನಿಜ. ಬಲಗೈಯವರು ಅರ ನೂಕಿದರೆ ಗೀರು ಒಂದು ಕಡೆಗೆ ವಾಲುತ್ತದೆ. ಎಡಗೈಯವರದು ಅದಕ್ಕೆ ಎದುರು ಕಡೆಗೆ. ಅಪ್ಪನದು ಬಲಗೈ. ಅದಕ್ಕಿಂತ ಸುಲಭದ ಸಾಕ್ಷಿ ಇಲ್ಲ. ರಿವಾಲ್ವರ್ ತೆಗೆದುಕೊಂಡು ಬಾ ಎಂದು ಅಣ್ಣನಿಗೆ ಹೇಳಿದೆ. ಬೀರುವಿನ ಬೀಗದ ಕೈ ಅವನ ಹತ್ತಿರವೇ ಇರುತ್ತದೆ.

ಅಣ್ಣ ಹೋಗಿ, ಮದುಮಗಳನ್ನು ಕರೆತರುವವನ ಗತ್ತಿನಲ್ಲಿ ಅದನ್ನು ಮಖಮಲ್ಲಿನ ಬಟ್ಟೆಯಲ್ಲಿ ಸುತ್ತಿ ತಂದ. ಬಟ್ಟೆ ಬಿಡಿಸಿದೆ.

ರಿವಾಲ್ವರ್ ಬಚ್ಚಲುಮನೆಯ ಹೊಸ ನಲ್ಲಿಯ ಹಾಗೆ ಫಳಫಳ ಹೊಳೆಯುತ್ತಿತ್ತು.

“ಏನೋ ಇದು?”

“ಪಾಲಿಶ್ ಮಾಡ್ಸಿದೆ,” ಎಂದ ಅಣ್ಣ, ಮೆಚ್ಚುಗೆಗೆ ಕಾಯುವವನಂತೆ. “ಬೈಕಿನ ಸೈಲೆನ್ಸರ್ ಹೊಳೆಸ್ತಾನಲ್ಲ, ಅವನ ಮಿಷನ್ನಲ್ಲಿ. ನಾನು ಪಕ್ಕದಲ್ಲೇ ನಿಂತ್ಕೊಂಡು ಮಾಡ್ಸಿದೀನಿ.”

ನನಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅದನ್ನು ಇಲ್ಲಿ ಬರೆಯುವಂತಿಲ್ಲ. ಹಳೆಯ ಬಂದೂಕಿನ ಮೈ ಮೇಲಿರುವ ಮಾಸಿದ ನೀಲಿ, ಕಂದು ಕಲೆ, ಹಿಡಿದವರ ಬೆವರಿನ ಗುರುತು, ಚೂಪಾದ ಅಂಚು, ಇಷ್ಟೇ ಅದರ ಆಸ್ತಿ. ತಿರುಗುವ ಚಕ್ರಕ್ಕೆ ಹಿಡಿದರೆ ಎಲ್ಲವೂ ಕ್ಷಣದಲ್ಲಿ ಹಾರಿಹೋಗುತ್ತದೆ. ಪ್ರೀತಿ ಹೆಚ್ಚಾದ ಮನೆಗಳಲ್ಲೇ ಈ ಅನಾಹುತ ಆಗುವುದು. ಮಾರಲು ತಂದವರು ಧೂಳನ್ನೂ ಒರೆಸದೆ ತರುತ್ತಾರೆ. ಅಜ್ಜನ ನೆನಪು, ಅಪ್ಪನ ನೆನಪು ಎನ್ನುವವರೇ ಉಜ್ಜಿ ಉಜ್ಜಿ ಸಾಯಿಸಿ ತರುವುದು. ಅಂಥವರಿಗೆ ನಾನು ದಿನಾ ಬೈಯುತ್ತೇನೆ. ಈ ಸಲ ನನ್ನ ಸ್ವಂತ ಅಣ್ಣ.

“ಅಮ್ಮನ ಗುರುತು ಅಳಿಸ್ಬೇಕು ಅಂತಾನೇ ಮಾಡ್ಸಿದ್ಯಾ?” ಎಂದು ಕೇಳಿಬಿಟ್ಟೆ.

ಅವನ ಮುಖ ಕಪ್ಪಿಟ್ಟಿತು. “ನನ್ನನ್ನ ಏನಂದ್ಕೊಂಡಿದ್ದೀಯ ನೀನು? ಅಪ್ಪನ ವಸ್ತು ಮಂಕಾಗಿ ಕಾಣಬಾರ್ದು ಅಂತ ಮಾಡ್ಸಿದೆ. ನಂಗೇನು ಗೊತ್ತಿತ್ತು ಗೀರು ಅದು ಇದು ಎಲ್ಲಾ?”

ಅದು ಸುಳ್ಳಲ್ಲ ಎಂದು ನನಗೆ ಅವನ ಕಣ್ಣು ನೋಡಿದಾಗಲೇ ಗೊತ್ತಾಯಿತು. ಕೋಪವೇನೂ ಇಳಿಯಲಿಲ್ಲ.

ಅಮ್ಮ ರಿವಾಲ್ವರನ್ನು ಎತ್ತಿಕೊಂಡಳು. ಊದಿದ ಗೆಣ್ಣುಗಳ ಎಡಗೈ ಹೆಬ್ಬೆರಳಿನಿಂದ ಹ್ಯಾಮರಿನ ಮಗ್ಗುಲನ್ನು ಸವರಿದಳು. ಆ ಕಡೆ, ಈ ಕಡೆ. ಅವಳ ಕಣ್ಣಿಗೆ ಪೊರೆ ಬಂದಿದೆ; ಅವಳು ಈಗ ಕಬ್ಬಿಣವನ್ನು ನೋಡುವುದು ಬೆರಳಿನಿಂದ. “ಇಲ್ಲ,” ಎಂದಳು. “ಹೋಯ್ತು.” ಸುಮ್ಮನೆ ಕುರ್ಚಿಗೆ ಒರಗಿದಳು. ರೇಡಿಯೋ ಜೊತೆಗೂ ಜಗಳ ಕಾಯುವ ನನ್ನ ಅಮ್ಮ ಹಾಗೆ ಮಾತಿಲ್ಲದೆ ಕೂತದ್ದನ್ನು ನೋಡಲಾಗದೆ ನಾನು ಎದ್ದು ಹೋಗಿ ಮೇಜು ಒರೆಸತೊಡಗಿದೆ.

ಹೇಳಿದ ಹೊತ್ತಿಗೆ ಅಧಿಕಾರಿ ಬಂದರು. ತೆಳ್ಳಗಿನ ಮನುಷ್ಯ, ದಣಿದ ಮುಖ, ಕಂಕುಳಲ್ಲಿ ಫೈಲು. ಹೊಳೆಯುವ ರಿವಾಲ್ವರನ್ನು ಕಂಡು ಅವರ ಹುಬ್ಬು ಮೇಲೇರಿತು, ಆದರೆ ಮರ್ಯಾದಸ್ಥರು, ಫೈಲು ಬಿಚ್ಚಿದರು.

ನಾನು ಕೆಲಸ ಶುರುಮಾಡಿದೆ. ಸಿಲಿಂಡರ್ ಬಿಚ್ಚಿ ಗೂಡುಗಳನ್ನು ನೋಡಿದೆ, ಖಾಲಿ. ನಳಿಗೆಯನ್ನು ಕಿಟಕಿಯ ಕಡೆಗೆ ಹಿಡಿದು ಇಣುಕಿದೆ: ಸುರುಳಿ ಗೆರೆಗಳು ಇನ್ನೂ ಇವೆ, ಆದರೆ ಬಾವಿಯ ನೀರು ಅಲ್ಲಲ್ಲಿ ಗುಳಿ ಕೊರೆದಿದೆ. ತಯಾರಿಸಿದ ಕಂಪನಿಯ ಮುದ್ರೆ ಪಾಲಿಶಿನಲ್ಲಿ ಅರ್ಧ ಅಳಿಸಿತ್ತು. ಹಿಡಿಯ ಮರದ ಪಟ್ಟಿಗಳನ್ನು ಬಿಚ್ಚಿದಾಗ ಅವುಗಳ ಅಡಿಯಲ್ಲಿ ನಂಬರು ಸಿಕ್ಕಿತು. ನಳಿಗೆಯ ಬುಡದಲ್ಲಿ, ಪಾಲಿಶಿನ ಚಕ್ರ ಮುಟ್ಟದ ಸಂದಿಯಲ್ಲಿ, ಗುಂಡು ಹಾರಿಸಿ ಪರೀಕ್ಷಿಸಿದವರ ಮುದ್ರೆಯೂ ಉಳಿದಿತ್ತು. ಎರಡನ್ನೂ ಜೋಡಿಸಿ ನೋಡಿದರೆ ವಯಸ್ಸು ನೂರು ದಾಟಿ ಮೇಲೆ ಒಂದಿಷ್ಟು. ಹ್ಯಾಮರ್ ಎಳೆದು ಸಿಲಿಂಡರನ್ನು ಅಲ್ಲಾಡಿಸಿದೆ. ಎಳ್ಳಷ್ಟೂ ಅಲುಗಲಿಲ್ಲ.

“ವಯಸ್ಸು ಖಚಿತ. ಯಂತ್ರ ಗಟ್ಟಿಯಾಗಿದೆ. ಮೈ ಹಾಳಾಗಿದೆ, ಹಾಳು ಮಾಡಿದ್ದು ಇತ್ತೀಚೆಗೆ,” ಎಂದೆ. ಅಣ್ಣ ಗೋಡೆ ನೋಡಿದ. “ಬೆಲೆ ಅರ್ಧಕ್ಕಿಂತ ಕೆಳಗೆ ಬೀಳುತ್ತೆ.”

“ಹಾಗೇ ಬರೀರಿ,” ಎಂದರು ಅಧಿಕಾರಿ. “ನಮಗೆ ಮುಖ್ಯ ಇಲ್ಲೇ ಮಾಡಿದ ಭಾಗಗಳು. ಅದನ್ನ ಮೇಸ್ತ್ರಿ ಅವರೇ ಮಾಡಿದ್ದು ಅಂತ ಒಂದು ಸಾಲು ಹಾಕಿಬಿಡಿ.”

“ಮಾಡಿದ್ದು ನಾನು,” ಎಂದಳು ಅಮ್ಮ ಕುರ್ಚಿಯಿಂದ.

ಅಧಿಕಾರಿ ತಿರುಗಿದರು. ಅಮ್ಮ ಎಲ್ಲವನ್ನೂ ಹೇಳಿದಳು: ಸ್ಟೂಲು, ಗಂಟೆ, ಪರದೆ, ಅಪ್ಪನ ನಡುಗುವ ಕೈ. ಅಪ್ಪನ ಕೈಯ ಮಾತು ಬಂದಾಗ ಅಣ್ಣ “ಅಮ್ಮ, ಸಾಕು” ಎಂದ. ಅವಳು ಸಾಕು ಮಾಡಲಿಲ್ಲ.

“ನಾನು ಬೇಡ ಅನ್ನಲ್ಲ ತಾಯಿ,” ಎಂದರು ಅಧಿಕಾರಿ ನಿಧಾನವಾಗಿ. “ಆದ್ರೆ ನಮ್ಮ ಕಷ್ಟ ಏನಂದ್ರೆ, ಕಾರ್ಡಲ್ಲಿ ಬರೆಯೋದು ವರದಿಯಲ್ಲಿ ಇರ್ಬೇಕು. ವರದಿಯಲ್ಲಿ ಇರೋದು ವಸ್ತುವಿನಲ್ಲಿ ಕಾಣ್ಬೇಕು.” ಎಂದು ನನ್ನ ಕಡೆ ನೋಡಿದರು.

ಅಣ್ಣನೂ ನೋಡಿದ. ಅಮ್ಮನೂ. ನಾನು ಕಣ್ಣಾರೆ ಕಂಡವಳು. ಅಮ್ಮನ ಅರದ ಸದ್ದು ಕೇಳುತ್ತಲೇ ಎಷ್ಟೋ ಸಂಜೆ ನಿದ್ದೆಹೋದವಳು. ಆದರೆ ಬೇರೆಯವರ ಬಂದೂಕಿನ ವಿಷಯದಲ್ಲಿ ಮಗಳ ಮಾತನ್ನು ನಾನೇ ಒಪ್ಪುವುದಿಲ್ಲವಲ್ಲ? ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. “ಕಂಡಿದ್ದನ್ನಷ್ಟೇ ಬರೀತೀನಿ ನಾನು,” ಎಂದೆ. “ಗೀರು ಈಗ ಕಾಣ್ತಿಲ್ಲ.”

ಅಮ್ಮ ನನಗೆ ಬೈಯುತ್ತಾಳೆ ಎಂದುಕೊಂಡೆ. ಅವಳು ಮುಖ ಎತ್ತಿದಳು. ಅದರಲ್ಲಿ ಒಂದು ತುಂಟತನವೇ ಇತ್ತು.

“ಮೇಲೆ ಮೇಲೆ ನೋಡಿದ್ರೆ ಎಲ್ಲಿ ಕಾಣುತ್ತೆ? ಬಿಚ್ಚು.”

“ಏನನ್ನ?”

“ಪಕ್ಕದ ಮುಚ್ಚಳಾನ. ಅದರ ಒಳಮೈಗೆ ಆ ಸೈಲೆನ್ಸರಿನೋನು ಬೆರಳು ಹಾಕಿರೋಕೆ ಸಾಧ್ಯವೇ ಇಲ್ಲ.”

ಅಣ್ಣ ಗಾಬರಿಯಾದ. “ಬೇಡ ಬೇಡ. ಅದನ್ನ ಬಿಚ್ಚಬಾರ್ದು ಅಂತ ಅಪ್ಪ ಎಷ್ಟು ಸಲ ಹೇಳಿದ್ರು! ಯಾರ ಕೈಗೂ ಕೊಡ್ತಿರ್ಲಿಲ್ಲ.”

“ಹೌದು, ಹೇಳಿದ್ರು,” ಎಂದಳು ಅಮ್ಮ. “ಯಾಕಂದ್ರೆ ಒಳಗೆ ನಾನಿದೀನಿ.”

ನಾನು ತಿರುಪಿನ ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನು ಹುಡುಕಿದೆ. ತಿರುಪು ಬಿಟ್ಟಿತು, ಮುಚ್ಚಳ ಬಿಡಲಿಲ್ಲ. ಅಂಚಿಗೆ ಉಗುರೂ ತೂರದಷ್ಟು ಬಿಗಿಯಾಗಿ ಕೂತಿತ್ತು. ಅಷ್ಟು ಒಪ್ಪವಾಗಿ ಕೂರಿಸಿದ್ದನ್ನು ಕಂಡು ನನಗೆ ಹೆಮ್ಮೆಯಾಯಿತು. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋದೆ. ಕೊನೆಗೆ ಅದು ನನ್ನ ಅಂಗೈಗೆ ಬಿತ್ತು.

ಒಳಮೈ ಹಳೆಯ ಎಣ್ಣೆಯಿಂದ ಕಪ್ಪಾಗಿತ್ತು. ಬಟ್ಟೆಯಿಂದ ಒರೆಸಿ, ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು, ದೀಪವನ್ನು ಪಕ್ಕದಿಂದ ಹಾಯಿಸಿದೆ. ಬಾಚಿದ ಕೂದಲಿನಂತೆ ಒಂದರ ಪಕ್ಕ ಒಂದು ಗೀರು. ನೇರ, ನಯ, ಒಂದೇ ಆಳ. ಎಲ್ಲವೂ ಒಂದೇ ಕಡೆಗೆ ವಾಲಿದ್ದವು. ನಡುಗುವ ಕೈ ಅಂಥ ಒಂದು ಗೀರನ್ನೂ ಎಳೆಯಲಾರದು.

“ಮುಚ್ಚಳ ತಿರುಗಿಸಿ ಹಿಡಿದ್ರೆ ವಾಲೋ ಕಡೆಯೂ ತಿರುಗಲ್ವಾ?” ಎಂದು ಕೇಳಿದ ಅಣ್ಣ. ಕೇಳಬೇಕಾದ ಪ್ರಶ್ನೆಯೇ. ತಲೆಕೆಳಗು ಮಾಡಿ ತೋರಿಸಿದೆ. ವಾಲುವ ಕಡೆ ಬದಲಾಗಲಿಲ್ಲ. ಅಡ್ಡಲಾಗಿ ಹಿಡಿದು ಉಜ್ಜಿದರೆ ಮಾತ್ರ ಬದಲಾದೀತು, ಆದರೆ ಅಷ್ಟು ಉದ್ದದ್ದನ್ನು ಕಚ್ಚಲು ನಮ್ಮ ವೈಸಿನ ಬಾಯಿ ಸಾಲದು. ಇನ್ನು ಹೋಲಿಸಿ ನೋಡುವುದೊಂದೇ ಬಾಕಿ. ಒಂದು ಕಬ್ಬಿಣದ ಪಟ್ಟಿ ತೆಗೆದು ವೈಸಿಗೆ ಬಿಗಿದೆ. “ಎಲ್ಲರೂ ಒಂದೊಂದು ಕಡೆ ಉಜ್ಜಿ,” ಎಂದೆ.

ಅಣ್ಣ ಮುಖ ಗಂಟುಹಾಕಿಕೊಂಡು ಉಜ್ಜಿದ. ಅಧಿಕಾರಿ ಕೋಟು ಕಳಚಿ, ಶಾಲೆಯ ಹುಡುಗನ ಉತ್ಸಾಹದಲ್ಲಿ ಉಜ್ಜಿ, ಬೆರಳಿನ ಚರ್ಮ ಸುಲಿದುಕೊಂಡರು. ಇಬ್ಬರದೂ ಬಲಗೈ, ಇಬ್ಬರ ಗೀರೂ ಒಂದೇ ಕಡೆಗೆ ವಾಲಿತು, ಮುಚ್ಚಳದ ಗೀರಿಗೆ ಎದುರಾಗಿ.

ಆಮೇಲೆ ಅಮ್ಮ ಎದ್ದು ಬಂದಳು. ಅಪ್ಪ ಹೋದ ಮೇಲೆ ಅವಳು ಆ ಸ್ಟೂಲಿನ ಮೇಲೆ ಕೂತಿರಲಿಲ್ಲ. ಅರ ಹಿಡಿಯಲು ಗೆಣ್ಣು ಬಿಡುತ್ತಿರಲಿಲ್ಲ. ಈಗ ಕೂತು, ಎಡಗೈಯನ್ನು ಎರಡು ಸಲ ಮಡಚಿ ಬಿಚ್ಚಿದಳು. ನೋವಿಗೆ ಅವಳ ತುಟಿ ಬಿಗಿಯಿತು. ಅರವನ್ನು ಎತ್ತಿಕೊಂಡು, ಅದರ ಹಲ್ಲನ್ನು ಬೆರಳಿನಿಂದ ನೋಡಿ, “ಇದನ್ನ ಯಾರು ಹೀಗೆ ಮೊಂಡು ಮಾಡಿದ್ದು?” ಎಂದು ಅಣ್ಣನಿಗೆ ಗದರಿದಳು. ಆಮೇಲೆ ನೂಕಿದಳು. ಆ ಸದ್ದು! ಅಣ್ಣ ಥಟ್ಟನೆ ತಲೆಯೆತ್ತಿದ. ಅವನಿಗೂ ಅದು ತೊಟ್ಟಿಲಿನ ಕಾಲದ ಸದ್ದು ತಾನೇ.

ಪಟ್ಟಿಯನ್ನೂ ಮುಚ್ಚಳವನ್ನೂ ಪಕ್ಕಪಕ್ಕ ಇಟ್ಟೆ. ಅಧಿಕಾರಿ ಲೆನ್ಸಿನಲ್ಲಿ ಬಹಳ ಹೊತ್ತು ನೋಡಿ ಅಣ್ಣನ ಕೈಗೆ ಕೊಟ್ಟರು. ಅಣ್ಣನೂ ನೋಡಿದ.

“ಊರಲ್ಲಿ ಎಡಗೈಯವರು ಎಷ್ಟೋ ಜನ ಇರ್ತಾರೆ,” ಎಂದ. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

“ಇರ್ತಾರೆ,” ಎಂದಳು ಅಮ್ಮ. “ಅದರಲ್ಲಿ ಯಾರು ನಿಮ್ಮಪ್ಪನ ಪಕ್ಕ ಮಲಗ್ತಿದ್ರು, ಹೇಳು ನೋಡೋಣ.”

ಅಧಿಕಾರಿಗೆ ಕೆಮ್ಮು ಬಂತು. ಅಣ್ಣ ಕಿವಿಯವರೆಗೂ ಕೆಂಪಾದ.

ನಾನು ಇನ್ನೊಮ್ಮೆ ಮುಚ್ಚಳವನ್ನು ನೋಡಿದೆ. ಅಮ್ಮನ ಕೆಲಸವೆಂದು ರಿಯಾಯಿತಿ ಕೊಡುವ ಅಭ್ಯಾಸ ನನಗಿಲ್ಲ. “ಇಲ್ಲೊಂದು ತಪ್ಪಿದೆ,” ಎಂದೆ. ನಡುವೆ ಒಂದು ಗೀರು ದಾರಿ ಬಿಟ್ಟು, ಸೊಟ್ಟಗೆ ಅಂಚಿನವರೆಗೆ ಜಾರಿತ್ತು. “ಕೈ ಜಾರಿದ್ಯಾ?”

ಅಮ್ಮ ಅದನ್ನು ಬೆರಳಿನಿಂದ ಮುಟ್ಟಿ ಗುರುತಿಸಿದಳು. “ನನ್ ಕೈ ಜಾರಲ್ಲ. ಗಂಟೆ ಬಾರಿಸ್ತು. ಎದ್ದೆ.”

ಅಣ್ಣ ಲೆನ್ಸನ್ನು ಮೇಜಿನ ಮೇಲಿಟ್ಟು, ಗೋಡೆಯ ಫೋಟೋ ನೋಡಿದ, ಆಮೇಲೆ ಅಮ್ಮನ ಬೆರಳುಗಳನ್ನು ನೋಡಿದ. “ಅವತ್ತು ಆ ಫೋಟೋ ತೆಗೆಯೋವಾಗ ನೀನೆಲ್ಲಿದ್ದೆ?” ಎಂದು ಕೇಳಿದ.

“ಎಲ್ಲಿರ್ತೀನಿ? ಪರದೆ ಹಿಂದೆ. ಪತ್ರಿಕೆಯೋರಿಗೆ ಕುಡಿಯೋಕೆ ನೀರು ಕೊಟ್ಟಿದ್ದೂ ನಾನೇ.”

ನಾನು ವರದಿ ಬರೆಯಲು ಕೂತೆ. ಸಿಟ್ಟಿನ ಬಿಸಿ ಇನ್ನೂ ಕೈಯಲ್ಲಿತ್ತು, ಪದಗಳು ತಾವಾಗಿಯೇ ಬಂದವು. ವಯಸ್ಸು, ನಂಬರು, ನಳಿಗೆಯ ಗುಳಿ. ಪಾಲಿಶಿನಿಂದ ಹೊರಮೈ ಪೂರ್ತಿ ನಷ್ಟ, ಬೆಲೆ ಅರ್ಧಕ್ಕಿಂತ ಕಡಿಮೆ. ಆಮೇಲೆ ಇದು: ‘ಇಡೀ ರಿವಾಲ್ವರಿನಲ್ಲಿ ಯಾರೂ ಕೆಡಿಸದೆ ಉಳಿದಿರುವ ಮುಖ್ಯ ಮೈ ಒಂದೇ, ಪಕ್ಕದ ಮುಚ್ಚಳದ ಒಳಭಾಗ. ಅದು ಎಡಗೈ ಅರದ ಕೆಲಸ. ಗುಣಮಟ್ಟ ಅತ್ಯುತ್ತಮ. ದೋಷ ಒಂದು ಗೀರು. ಕಾರಣ ಅಂಗಡಿಯ ಗಂಟೆ.’ ಮಾಡಿದವರು ಎಂಬಲ್ಲಿ ಅಮ್ಮನ ಹೆಸರನ್ನು ಪೂರ್ತಿಯಾಗಿ, ದೊಡ್ಡ ಅಕ್ಷರದಲ್ಲಿ ಬರೆದೆ. ಸಹಿ ಹಾಕಿ ಗಟ್ಟಿಯಾಗಿ ಓದಿದೆ. ಪಾಲಿಶಿನ ಸಾಲನ್ನು ಅಣ್ಣನಿಗಾಗಿ ಎರಡು ಸಲ ಓದಿದೆ. ನನ್ನ ಸ್ವಭಾವ ಅಷ್ಟು ಬೇಗ ಒಳ್ಳೆಯದಾಗುವಂಥದ್ದಲ್ಲ.

ಅಧಿಕಾರಿ ಕಾರ್ಡಿನ ಕರಡು ತೆಗೆದು ಹಳೆಯ ಸಾಲನ್ನು ಹೊಡೆದುಹಾಕಿದರು. “ಮೇಸ್ತ್ರಿ ಅವರ ಹೆಸರು ತೆಗೆದುಬಿಡ್ಲಾ ತಾಯಿ?”

ಅಮ್ಮ ಅಷ್ಟು ಹೊತ್ತಿಗೆ ಪಟ್ಟಿಯನ್ನು ಮತ್ತೆ ವೈಸಿಗೆ ಬಿಗಿದು ಉಜ್ಜತೊಡಗಿದ್ದಳು. ಅಣ್ಣ ಮತ್ತು ಅಧಿಕಾರಿ ಕೆಡಿಸಿದ್ದನ್ನು ನೋಡಿಕೊಂಡು ಕೂರುವುದು ಅವಳಿಂದಾಗದು.

“ಯಾಕೆ ತೆಗೀತೀರಿ? ಇರ್ಲಿ. ಎಲ್ಲಿ ಕೆಟ್ಟಿದೆ ಅಂತ ಕೇಳಿ ಹೇಳಿದ್ದು ಅವರು. ಮಾಡಿದ್ದು ನಾನು. ಕಿವಿ ಅವರದ್ದು, ಕೈ ನನ್ನದು. ಹಾಗೇ ಬರೀರಿ.”

“ಕಾರ್ಡಲ್ಲಿ ಎರಡೇ ಸಾಲು ಹಿಡಿಸೋದು...”

“ಹಿಡಿಸದಿದ್ರೆ ದೊಡ್ಡ ಕಾರ್ಡು ಮಾಡ್ಸಿ. ಇಷ್ಟು ವರ್ಷ ಆ ಪರದೆ ಹಿಂದೆ ನಾನು ಹಿಡಿಸ್ಲಿಲ್ವಾ?”

ಅಧಿಕಾರಿ ನಗುತ್ತ ಬರೆದುಕೊಂಡರು.

ಅದೇ ಹೊತ್ತಿಗೆ ಬಾಗಿಲಿನ ಗಂಟೆ ಕಿಣಿಕಿಣಿ ಎಂದಿತು.

ನಾನು ಅಮ್ಮನ ಕಾಲುಗಳನ್ನು ನೋಡಿದೆ. ಅವು ತಾವಾಗಿಯೇ ಸ್ಟೂಲಿನ ಅಡ್ಡಪಟ್ಟಿಯಿಂದ ನೆಲಕ್ಕಿಳಿದವು. ಅಣ್ಣನೂ, ಅಪ್ಪನ ಹಾಗೆಯೇ, ಎರಡು ಹೆಜ್ಜೆ ಮುಂದೆ ಬಂದು “ಅಮ್ಮ, ಏಳು—” ಎಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ. ಕೈಚೀಲ ಹಿಡಿದ ಮುದುಕನೊಬ್ಬ ಒಳಗೆ ಬಂದು ಕೌಂಟರಿನ ಆಚೆ ನಿಂತ. ಎಷ್ಟೋ ವರ್ಷಗಳ ಹಿಂದಿನ ಗಿರಾಕಿಯಿರಬೇಕು.

“ಮೇಸ್ತ್ರಿ ಇದಾರಾ?”

ಅಮ್ಮನ ಅರ ಪಟ್ಟಿಯ ನಡುವೆ ಇತ್ತು. ಅದು ಜಾರಲಿಲ್ಲ. ಅವಳು ಕಾಲುಗಳನ್ನು ಮತ್ತೆ ಅಡ್ಡಪಟ್ಟಿಯ ಮೇಲಿಟ್ಟುಕೊಂಡು, ಎಡಗೈಯ ಭಾರ ಹಾಕಿ, ಗೀರನ್ನು ಈ ತುದಿಯಿಂದ ಆ ತುದಿಯವರೆಗೆ ನೇರವಾಗಿ ಎಳೆದಳು.

“ನಾನೇ,” ಎಂದಳು. “ಒಂಚೂರು ನಿಂತ್ಕೊಳ್ಳಿ, ಇದು ಮುಗೀಲಿ.”